ವಾಣಿಜ್ಯ ಪತ್ರಗಳಲ್ಲಿ 'ಟು' ಮತ್ತು 'ಇಂಗ್': ಎಲ್ಲಿ ಯಾವುದು?

ವ್ಯಾಪಾರಸ್ಥರ ಗಲ್ಲಾಪೆಟ್ಟಿಗೆಯಲ್ಲಿರುವ ಹತ್ತು ರೂಪಾಯಿಯ ನೋಟಿನಿಂದ ಹಿಡಿದು ಐನೂರು ರೂಪಾಯಿಯ ನೋಟಿನವರೆಗೆ ಎಲ್ಲದರ ಮೇಲೂ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯೊಡನೆ ಒಂದು ವಚನವು ಮುದ್ರಿತವಾಗಿರುತ್ತದೆ: 'ಐ ಪ್ರಾಮಿಸ್ ಟು ಪೇ ದ ಬೇರರ್'. ನೋಟನ್ನು ಹಿಡಿದು ಬಂದವನಿಗೆ ಇಷ್ಟು ಮೊತ್ತವನ್ನು ಕೊಡುವುದಾಗಿ ಗವರ್ನರರು ಮಾತು ಕೊಡುತ್ತಾರೆ. (ಒಂದು ರೂಪಾಯಿಯ ನೋಟನ್ನು ಕೇಂದ್ರ ಸರ್ಕಾರವೇ ಹೊರಡಿಸುವುದರಿಂದ ಅದರ ಮೇಲೆ ಈ ವಚನವಿಲ್ಲ.) ದಿನಕ್ಕೆ ನೂರಾರು ಬಾರಿ ಕೈದಾಟುವ ಈ ಮಾತಿನಲ್ಲಿ 'ಟು ಪೇ' ಎಂದೇಕೆ ಇದೆ, 'ಪೇಯಿಂಗ್' ಎಂದೇಕೆ ಇಲ್ಲ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲ. ಆದರೆ ಅದೇ ವ್ಯಾಪಾರಸ್ಥರು ಹೊರರಾಜ್ಯದ ಅಥವಾ ಹೊರದೇಶದ ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಕುಳಿತಾಗ ಈ ಪ್ರಶ್ನೆಯೇ ಸಾಲು ಸಾಲಿಗೂ ಎದುರಾಗುತ್ತದೆ. ತಪ್ಪಾದ ರೂಪವನ್ನು ಆರಿಸಿದರೆ ಕೆಲವೊಮ್ಮೆ ಭಾಷೆ ಮಾತ್ರ ಕೆಡುತ್ತದೆ. ಮತ್ತೆ ಕೆಲವೊಮ್ಮೆ ವಾಕ್ಯ ಶುದ್ಧವಾಗಿಯೇ ಉಳಿದು ಅರ್ಥ ತಿರುಗುಮುರುಗಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯೆಯನ್ನು ಹೇಳಬೇಕಾದಾಗ ಮುಖ್ಯವಾಗಿ ಎರಡು ದಾರಿಗಳಿವೆ. ಧಾತುವಿನ ಹಿಂದೆ 'ಟು' ಇಡುವುದು ಒಂದು. ಇದಕ್ಕೆ ಇನ್‌ಫಿನಿಟಿವ್ ಎಂದು ಹೆಸರು. ಧಾತುವಿನ ಕೊನೆಗೆ 'ಇಂಗ್' ಸೇರಿಸಿ ಅದನ್ನು ನಾಮಪದದಂತೆ ಬಳಸುವುದು ಇನ್ನೊಂದು. ಇದಕ್ಕೆ ಜೆರಂಡ್ ಎಂದು ಹೆಸರು. 'ಟು ಸಪ್ಲೈ' ಮೊದಲನೆಯದು, 'ಸಪ್ಲೈಯಿಂಗ್' ಎರಡನೆಯದು.

ಇವೆರಡರ ಸ್ವಭಾವವನ್ನು ತಿಳಿಯಲು ವ್ಯಾಕರಣ ಪುಸ್ತಕಕ್ಕಿಂತ ಕಾನೂನಿನ ಪುಸ್ತಕವೇ ವ್ಯಾಪಾರಸ್ಥರಿಗೆ ಹತ್ತಿರದ್ದು. 1930ರ ಸರಕು ಮಾರಾಟ ಅಧಿನಿಯಮದ 4ನೇ ಪ್ರಕರಣವು 'ಸೇಲ್' ಮತ್ತು 'ಅಗ್ರೀಮೆಂಟ್ ಟು ಸೆಲ್' ಎಂಬ ಎರಡು ಸ್ಥಿತಿಗಳನ್ನು ಬೇರ್ಪಡಿಸುತ್ತದೆ. ಸರಕಿನ ಒಡೆತನವು ಕೊಳ್ಳುವವನಿಗೆ ಹಸ್ತಾಂತರವಾಗಿಬಿಟ್ಟರೆ ಅದು 'ಸೇಲ್', ಅಂದರೆ ಮಾರಾಟ. ಒಡೆತನವು ಮುಂದೊಂದು ದಿನ ಅಥವಾ ಯಾವುದೋ ಷರತ್ತು ಪೂರೈಸಿದ ಮೇಲೆ ದಾಟಬೇಕಾಗಿದ್ದರೆ ಅದು 'ಅಗ್ರೀಮೆಂಟ್ ಟು ಸೆಲ್', ಅಂದರೆ ಮಾರುವ ಒಪ್ಪಂದ. ಬೇರೆ ಕರಾರಿಲ್ಲದಿದ್ದರೆ ಸರಕಿನ ನಷ್ಟಭಯವೂ ಒಡೆತನದ ಜೊತೆಗೇ ದಾಟುತ್ತದೆ ಎಂದು ಅದೇ ಅಧಿನಿಯಮದ 26ನೇ ಪ್ರಕರಣ ಹೇಳುತ್ತದೆ. ಗೋದಾಮಿಗೆ ಬೆಂಕಿ ಬಿದ್ದ ದಿನ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇನ್ನೂ ನಡೆಯದಿರುವ, ಮುಂದೆ ನಡೆಯಬೇಕಾಗಿರುವ ಕ್ರಿಯೆಯನ್ನು ಸೂಚಿಸಲು ಕಾನೂನು 'ಟು' ರೂಪವನ್ನೇ ಹಿಡಿದಿದೆ. ನೋಟಿನ ಮೇಲಿನ 'ಟು ಪೇ' ಕೂಡ ಅಂಥದ್ದೇ. ಕೊಡುವ ಕ್ರಿಯೆ ಇನ್ನೂ ಆಗಿಲ್ಲ, ಆಗಬೇಕಾಗಿದೆ.

ಸ್ಥೂಲವಾಗಿ ಹೇಳುವುದಾದರೆ, 'ಟು' ರೂಪವು ಮುಂದಕ್ಕೆ ನೋಡುತ್ತದೆ. ಒಪ್ಪಿಗೆ, ವಚನ, ಆಸೆ, ಯೋಜನೆ, ನಿರ್ಧಾರ, ನಿರಾಕರಣೆ ಇವೆಲ್ಲ ಅದರ ನೆರೆಹೊರೆಯವು: 'ಅಗ್ರೀ ಟು', 'ಪ್ರಾಮಿಸ್ ಟು', 'ಹೋಪ್ ಟು', 'ಪ್ಲಾನ್ ಟು', 'ಡಿಸೈಡ್ ಟು', 'ಆಫರ್ ಟು', 'ರೆಫ್ಯೂಸ್ ಟು'. 'ಇಂಗ್' ರೂಪವಾದರೋ ಕ್ರಿಯೆಯನ್ನು ಒಂದು ವಸ್ತುವಿನಂತೆ ಕೈಯಲ್ಲಿ ಹಿಡಿದು ಮಾತನಾಡುತ್ತದೆ. ಆ ಕ್ರಿಯೆ ನಡೆದುಹೋಗಿರಬಹುದು, ನಡೆಯುತ್ತಿರಬಹುದು, ಅಥವಾ ಬೇಡವೆಂದು ಬದಿಗಿಡಲ್ಪಟ್ಟಿರಬಹುದು: 'ಫಿನಿಶ್ ಪ್ಯಾಕಿಂಗ್', 'ಅಡ್ಮಿಟ್ ರಿಸೀವಿಂಗ್', 'ಅವಾಯ್ಡ್ ಪೇಯಿಂಗ್', 'ಡಿಲೇ ಸೆಂಡಿಂಗ್'.

ಕನ್ನಡವೇ ಕೊಡುವ ಕೀಲಿಕೈ

ಈ ಭೇದವು ಪರದೇಶದ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಕನ್ನಡದಲ್ಲಿಯೂ ಇದು ಬೇರೊಂದು ವೇಷದಲ್ಲಿ ಇದ್ದೇ ಇದೆ. ಶಾಲೆಯ ವ್ಯಾಕರಣದಲ್ಲಿ ಓದಿದ ಕೃದಂತ ಅವ್ಯಯ ಮತ್ತು ಕೃದಂತ ಭಾವನಾಮಗಳನ್ನು ನೆನಪಿಸಿಕೊಂಡರೆ ಸಾಕು. 'ಕಳುಹಿಸಲು', 'ಕಳುಹಿಸಲಿಕ್ಕೆ' ಎಂಬುವು ಮೊದಲ ಗುಂಪಿನವು. 'ಕಳುಹಿಸುವುದು', 'ಕಳುಹಿಸುವಿಕೆ' ಎಂಬುವು ಎರಡನೆಯ ಗುಂಪಿನವು. ಇವುಗಳ ಪಕ್ಕದಲ್ಲಿಯೇ 'ಕಳುಹಿಸಿದ್ದು' ಎಂಬ ಭೂತಕಾಲದ ರೂಪವೂ ಇದೆ. ಇಂಗ್ಲಿಷಿನ 'ಸೆಂಡಿಂಗ್' ಎಂಬ ಒಂದೇ ಪದ ಕನ್ನಡದ 'ಕಳುಹಿಸುವುದು' ಮತ್ತು 'ಕಳುಹಿಸಿದ್ದು' ಎರಡರ ಕೆಲಸವನ್ನೂ ಮಾಡುತ್ತದೆ. ಈ ದೃಷ್ಟಿಯಿಂದ ಕನ್ನಡವೇ ಹೆಚ್ಚು ಸೂಕ್ಷ್ಮವಾದುದು. ಹಿಂದಿಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಅನುಕೂಲ ಕಡಿಮೆ. ಏಕೆಂದರೆ ಹಿಂದಿಯ 'ಭೇಜ್‌ನಾ' ಎಂಬ ಒಂದೇ ರೂಪ ಎರಡೂ ಕಡೆ ದುಡಿಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಗ್ರಾಹಕನು ಸರಕಿನ ವಿಷಯದಲ್ಲಿ ತಕರಾರು ಮಾಡಿದ್ದಾನೆ. ಕನ್ನಡದಲ್ಲಿ 'ಸರಕು ಪಡೆಯಲು ನಿರಾಕರಿಸಿದ' ಎಂದರೆ ಲಾರಿ ಬಾಗಿಲಿಗೆ ಬಂದರೂ ಅವನು ಇಳಿಸಿಕೊಳ್ಳಲಿಲ್ಲ ಎಂದು ಅರ್ಥ. 'ಸರಕು ಪಡೆದುದನ್ನು ನಿರಾಕರಿಸಿದ' ಎಂದರೆ ಇಳಿಸಿಕೊಂಡು, ಆಮೇಲೆ ತನಗೆ ಬಂದೇ ಇಲ್ಲವೆಂದ ಎಂದು ಅರ್ಥ. ಮೊದಲನೆಯದು ಒಪ್ಪಂದದ ಉಲ್ಲಂಘನೆ, ಎರಡನೆಯದು ಸುಳ್ಳು. ಕನ್ನಡದಲ್ಲಿ ಕ್ರಿಯಾಪದ ಒಂದೇ, ಕೃದಂತ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಕ್ರಿಯಾಪದವೂ ಬದಲಾಗುತ್ತದೆ: ಮೊದಲನೆಯದಕ್ಕೆ 'ರೆಫ್ಯೂಸ್ಡ್ ಟು ರಿಸೀವ್', ಎರಡನೆಯದಕ್ಕೆ 'ಡಿನೈಡ್ ರಿಸೀವಿಂಗ್'. ನಿಘಂಟಿನಲ್ಲಿ ಎರಡಕ್ಕೂ 'ನಿರಾಕರಿಸು' ಎಂಬ ಅರ್ಥವನ್ನೇ ಕಂಡು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು ಬಹಳ ಸಾಮಾನ್ಯ. ಇಂಥ ಪತ್ರವನ್ನು ಮುಂದೆ ವಕೀಲರ ಕೈಗೆ ಕೊಟ್ಟಾಗ ಅವರು ಮೊದಲು ಕೇಳುವ ಪ್ರಶ್ನೆ, 'ಸರಕು ಈಗ ಎಲ್ಲಿದೆ?' ಎಂಬುದೇ ಆಗಿರುತ್ತದೆ.

ಆದುದರಿಂದ ಇಂಗ್ಲಿಷ್ ವಾಕ್ಯವನ್ನು ಬರೆಯುವ ಮೊದಲು ಅದನ್ನು ಕನ್ನಡದಲ್ಲಿ ಒಮ್ಮೆ ಪೂರ್ಣವಾಗಿ ಹೇಳಿಕೊಳ್ಳುವುದು ಉತ್ತಮ ಅಭ್ಯಾಸ. ಕನ್ನಡದಲ್ಲಿ '-ಅಲು' ಅಥವಾ '-ಬೇಕೆಂದು' ಬಂದರೆ ಬಹುಮಟ್ಟಿಗೆ 'ಟು'. '-ವುದನ್ನು' ಅಥವಾ '-ದ್ದು' ಬಂದರೆ ಬಹುಮಟ್ಟಿಗೆ 'ಇಂಗ್'. 'ಸಾಲ ಕೊಡಲು ಒಪ್ಪಿದರು' ಎಂಬಲ್ಲಿ 'ಟು'. 'ಹಣ ಕೊಡುವುದನ್ನು ಮುಂದೂಡಿದರು' ಎಂಬಲ್ಲಿ 'ಇಂಗ್'. ಬಹುಮಟ್ಟಿಗೆ ಎಂಬ ಮಾತನ್ನು ಸುಮ್ಮನೆ ಬಳಸಿದ್ದಲ್ಲ. ಕೀಲಿಕೈ ತೆರೆಯದ ಬೀಗಗಳೂ ಇವೆ, ಅವುಗಳ ವಿಚಾರ ಮುಂದೆ ಬರುತ್ತದೆ.

ಎರಡೂ ಶುದ್ಧ, ಅರ್ಥ ಬೇರೆ

ಕೆಲವು ಕ್ರಿಯಾಪದಗಳ ಮುಂದೆ ಎರಡೂ ರೂಪಗಳು ಬರುತ್ತವೆ, ಆದರೆ ಅರ್ಥ ಬದಲಾಗುತ್ತದೆ. ಕಂಪ್ಯೂಟರಿನಲ್ಲಿರುವ ತಿದ್ದುಪಡಿ ತಂತ್ರಾಂಶಗಳನ್ನು ಇಲ್ಲಿ ನೆಚ್ಚಿಕೊಳ್ಳುವಂತಿಲ್ಲ. ವಾಕ್ಯ ಎರಡೂ ಬಗೆಯಲ್ಲಿ ವ್ಯಾಕರಣಶುದ್ಧವಾಗಿರುವಾಗ, ಬರೆದವರ ಮನಸ್ಸಿನಲ್ಲಿ ಯಾವುದಿತ್ತು ಎಂದು ತಿಳಿಯಲು ಯಂತ್ರಕ್ಕೆ ದಾರಿಯಿಲ್ಲ.

ಮೊದಲನೆಯದು 'ಸ್ಟಾಪ್'. ಹಳೆಯ ಬಾಕಿ ತೀರದ ಗ್ರಾಹಕನಿಗೆ 'ವಿ ಹ್ಯಾವ್ ಸ್ಟಾಪ್ಡ್ ಸಪ್ಲೈಯಿಂಗ್' ಎಂದು ಬರೆದರೆ ಸರಬರಾಜನ್ನು ನಿಲ್ಲಿಸಿದ್ದೇವೆ ಎಂದು ಅರ್ಥ. 'ಸ್ಟಾಪ್ಡ್ ಟು ಸಪ್ಲೈ' ಎಂದು ಬರೆದರೆ ಸರಬರಾಜು ಮಾಡುವ ಸಲುವಾಗಿ ಬೇರೇನನ್ನೋ ನಿಲ್ಲಿಸಿದೆವು ಎಂದಾಗುತ್ತದೆ. ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. 'ಚಹಾ ಕುಡಿಯಲು ನಿಂತರು' ಮತ್ತು 'ಚಹಾ ಕುಡಿಯುವುದನ್ನು ನಿಲ್ಲಿಸಿದರು' ಎಂಬ ಎರಡು ಮಾತುಗಳನ್ನು ಯಾರೂ ಅದಲುಬದಲು ಮಾಡುವುದಿಲ್ಲ.

ಎರಡನೆಯದು 'ರಿಮೆಂಬರ್' ಮತ್ತು 'ಫರ್ಗೆಟ್'. ವ್ಯವಹಾರದಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಜೋಡಿ ಇದು. 'ರಿಮೆಂಬರ್ ಟು ಪೇ' ಎಂದರೆ ಕೊಡಬೇಕೆಂಬುದನ್ನು ನೆನಪಿಟ್ಟುಕೊಂಡು ಕೊಡುವುದು. 'ರಿಮೆಂಬರ್ ಪೇಯಿಂಗ್' ಎಂದರೆ ಹಿಂದೆ ಕೊಟ್ಟದ್ದು ನೆನಪಿರುವುದು. 'ಫರ್ಗಾಟ್ ಟು ಪೇ' ಎಂದರೆ ಕೊಡಲೇ ಇಲ್ಲ. 'ಫರ್ಗಾಟ್ ಪೇಯಿಂಗ್' ಎಂದರೆ ಕೊಟ್ಟಿದ್ದೆವು, ಕೊಟ್ಟದ್ದು ಮರೆತುಹೋಗಿತ್ತು. ಇಲ್ಲಿ ಕನ್ನಡದ ಕೀಲಿಕೈಯನ್ನು ಸ್ವಲ್ಪ ಜಾಗರೂಕತೆಯಿಂದ ತಿರುಗಿಸಬೇಕು. 'ಹಣ ಕಳುಹಿಸುವುದನ್ನು ಮರೆತೆವು' ಎಂಬಲ್ಲಿ '-ವುದನ್ನು' ಇದ್ದರೂ ಅರ್ಥ 'ಕಳುಹಿಸಲು ಮರೆತೆವು' ಎಂದೇ. ಆದ್ದರಿಂದ ಇಂಗ್ಲಿಷಿನಲ್ಲಿ 'ಟು ಸೆಂಡ್'. ನೆನಪು ಮರೆವುಗಳ ವಿಷಯದಲ್ಲಿ 'ಕಳುಹಿಸಿದ್ದು' ಎಂಬ '-ದ್ದು' ರೂಪ ಬಂದರೆ ಮಾತ್ರ 'ಇಂಗ್' ಎಂದು ತಿಳಿಯಬೇಕು.

ಈ ಜೋಡಿಯ ಮೇಲೆ ಎಷ್ಟು ಭಾರ ನಿಂತಿದೆ ಎಂಬುದನ್ನು 1963ರ ಕಾಲಮಿತಿ ಅಧಿನಿಯಮದಿಂದ ತಿಳಿಯಬಹುದು. ಮಾರಿದ ಸರಕಿನ ಬೆಲೆಯನ್ನು ವಸೂಲು ಮಾಡಲು ದಾವೆ ಹೂಡುವುದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ಗಡುವು ಮುಗಿಯುವುದರೊಳಗೆ ಸಾಲಗಾರನು ತನ್ನ ಹೊಣೆಯನ್ನು ಲಿಖಿತವಾಗಿ ಒಪ್ಪಿ ಸಹಿ ಮಾಡಿದರೆ, 18ನೇ ಪ್ರಕರಣದಂತೆ ಆ ದಿನದಿಂದ ಹೊಸ ಗಡುವು ಆರಂಭವಾಗುತ್ತದೆ. 'ನಿಮ್ಮ ಇಂಥ ಬಿಲ್ಲಿನ ಹಣವನ್ನು ವಿ ಫರ್ಗಾಟ್ ಟು ಪೇ' ಎಂದು ಸಹಿ ಮಾಡಿ ಬರೆದುಕೊಟ್ಟ ಪತ್ರವು ಬಾಕಿ ಇರುವುದನ್ನು ಒಪ್ಪಿದಂತೆಯೇ ಸರಿ. ಕೊಟ್ಟು ಮರೆತವನು, ಲೆಕ್ಕ ನೋಡಿದ ಮೇಲೆ 'ಕೊಟ್ಟದ್ದು ಮರೆತಿತ್ತು' ಎಂದು ಹೇಳಹೊರಟು ಈ ವಾಕ್ಯವನ್ನು ಬರೆದರೆ ಕೊಟ್ಟ ಹಣಕ್ಕೇ ಮತ್ತೊಮ್ಮೆ ಉತ್ತರ ಹೇಳಬೇಕಾದೀತು. ನ್ಯಾಯಾಲಯಗಳು ಒಂದು ಪದವನ್ನು ಹಿಡಿದು ತೀರ್ಪು ಕೊಡುವುದಿಲ್ಲ, ಇಡೀ ಪತ್ರವ್ಯವಹಾರವನ್ನು ಓದುತ್ತವೆ ಎಂಬುದು ನಿಜ. ಆದರೂ ಎದುರು ಪಕ್ಷದವರು ಗೆರೆ ಎಳೆದು ತೋರಿಸುವುದು ಆ ಒಂದು ವಾಕ್ಯವನ್ನೇ.

ಮೂರನೆಯದು 'ರಿಗ್ರೆಟ್'. ಕಚ್ಚಾವಸ್ತುವಿನ ಬೆಲೆ ಏರಿದುದರಿಂದ ತಯಾರಕರು ದರ ಹೆಚ್ಚಿಸಬೇಕಾಗಿದೆ ಎಂದು ಭಾವಿಸಬಹುದು. 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ' ಎಂದು ತೊಡಗಿದರೆ 'ತಿಳಿಸಲು ವಿಷಾದಿಸುತ್ತೇವೆ' ಎಂಬ ಸೌಜನ್ಯದ ಮಾತಾಯಿತು. ಏರಿಕೆ ಏರಿಕೆಯಾಗಿಯೇ ಉಳಿಯುತ್ತದೆ. 'ವಿ ರಿಗ್ರೆಟ್ ಇನ್‌ಕ್ರೀಸಿಂಗ್ ದ ಪ್ರೈಸ್' ಎಂದರೆ 'ಬೆಲೆ ಏರಿಸಿದ್ದಕ್ಕೆ ವಿಷಾದಿಸುತ್ತೇವೆ' ಎಂದಾಗುತ್ತದೆ. ಏರಿಸಬಾರದಿತ್ತು ಎಂಬ ಪಶ್ಚಾತ್ತಾಪದ ಧ್ವನಿ ಅದರಲ್ಲಿದೆ. ಚತುರನಾದ ಖರೀದಿದಾರನು ಹಾಗಾದರೆ ಇಳಿಸಿರಿ ಎಂದು ಮರುಟಪಾಲಿನಲ್ಲಿಯೇ ಕೇಳಬಹುದು.

ನಾಲ್ಕನೆಯದಾದ 'ಟ್ರೈ' ದುರಸ್ತಿ ಮತ್ತು ಗ್ಯಾರಂಟಿಯ ಪತ್ರಗಳಲ್ಲಿ ಬರುತ್ತದೆ. 'ಟ್ರೈಡ್ ಟು ಚೇಂಜ್ ದ ಬೇರಿಂಗ್' ಎಂದರೆ ಬೇರಿಂಗ್ ಬದಲಿಸಲು ಪ್ರಯತ್ನಪಟ್ಟರು, ಬಹುಶಃ ಆಗಲಿಲ್ಲ. 'ಟ್ರೈಡ್ ಚೇಂಜಿಂಗ್ ದ ಬೇರಿಂಗ್' ಎಂದರೆ ಬೇರಿಂಗ್ ಬದಲಿಸಿ ನೋಡಿದರು. ಬದಲಾವಣೆ ಆಗಿದೆ, ಅದರಿಂದ ದೋಷ ಹೋಯಿತೇ ಇಲ್ಲವೇ ಎಂಬುದು ಮುಂದಿನ ಮಾತು. ಕನ್ನಡದ 'ಬದಲಿಸಿ ನೋಡು', 'ಹಾಕಿ ನೋಡು', 'ಓಡಿಸಿ ನೋಡು' ಎಂಬ ಸೊಗಸಾದ ಪ್ರಯೋಗಕ್ಕೆ ಇಂಗ್ಲಿಷಿನಲ್ಲಿ ಇದಕ್ಕಿಂತ ಹತ್ತಿರದ ರೂಪ ಸಿಗಲಾರದು. ಯಂತ್ರವನ್ನು ಬಿಚ್ಚಿದವರು ಯಾರು, ಗ್ಯಾರಂಟಿ ಊರ್ಜಿತವಾಗಿದೆಯೇ ಎಂಬ ವಿವಾದದಲ್ಲಿ 'ಬದಲಿಸಿ ನೋಡಿದೆವು' ಎಂಬುದಕ್ಕೂ 'ಬದಲಿಸಲು ನೋಡಿದೆವು' ಎಂಬುದಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ.

ಉಳಿದ ಕೆಲವನ್ನು ಬೇಗನೆ ನೋಡಬಹುದು. 'ಮೀನ್': 'ವಿ ಮೆಂಟ್ ಟು ಡಿಸ್ಪ್ಯಾಚ್ ಆನ್ ಮಂಡೇ' ಎಂದರೆ ಸೋಮವಾರ ಕಳುಹಿಸಬೇಕೆಂದಿದ್ದೆವು. 'ದಿಸ್ ಆರ್ಡರ್ ಮೀನ್ಸ್ ರನ್ನಿಂಗ್ ಟೂ ಶಿಫ್ಟ್ಸ್' ಎಂದರೆ ಈ ಆರ್ಡರ್ ಒಪ್ಪಿಕೊಂಡರೆ ಎರಡು ಪಾಳಿ ನಡೆಸಬೇಕಾಗುತ್ತದೆ. 'ಗೋ ಆನ್': ಸಂಸ್ಥೆಯ ಪರಿಚಯ ಪತ್ರದಲ್ಲಿ 'ವೆಂಟ್ ಆನ್ ಮೇಕಿಂಗ್ ಪಂಪ್ಸ್' ಎಂದರೆ ಪಂಪುಗಳನ್ನೇ ಮಾಡುತ್ತ ಹೋದರು. 'ವೆಂಟ್ ಆನ್ ಟು ಮೇಕ್ ಮೋಟಾರ್ಸ್' ಎಂದರೆ ಪಂಪಿನಿಂದ ಆರಂಭಿಸಿ ಮುಂದೆ ಮೋಟಾರುಗಳನ್ನೂ ತಯಾರಿಸತೊಡಗಿದರು. ಬೆಳವಣಿಗೆಯನ್ನು ಹೇಳುವುದು ಎರಡನೆಯದು. 'ನೀಡ್': 'ದ ಮೋಟಾರ್ ನೀಡ್ಸ್ ರೀವೈಂಡಿಂಗ್' ಸರಿ. 'ನೀಡ್ಸ್ ಟು ರೀವೈಂಡ್' ಎಂದರೆ ಮೋಟಾರು ತಾನೇ ಯಾವುದನ್ನೋ ರೀವೈಂಡ್ ಮಾಡಬೇಕು ಎಂದಾಗುತ್ತದೆ. 'ಬಿಗಿನ್', 'ಸ್ಟಾರ್ಟ್', 'ಕಂಟಿನ್ಯೂ' ಇವುಗಳ ಮುಂದೆ ಯಾವುದನ್ನು ಬರೆದರೂ ವ್ಯವಹಾರಕ್ಕೆ ವ್ಯತ್ಯಾಸವಿಲ್ಲ. ಅಲ್ಲಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ವೇಷ ಮರೆಸಿಕೊಂಡ 'ಟು'

ಇಂಗ್ಲಿಷಿನ ಪ್ರೆಪೊಸಿಷನ್‌ಗಳ ನಂತರ ಕ್ರಿಯೆಯೊಂದು ಬರಬೇಕಾದರೆ ಅದು 'ಇಂಗ್' ರೂಪದಲ್ಲಿಯೇ ಬರಬೇಕು. 'ಆಫ್ಟರ್ ರಿಸೀವಿಂಗ್', 'ಬಿಫೋರ್ ಡಿಸ್ಪ್ಯಾಚಿಂಗ್', 'ವಿದೌಟ್ ಪೇಯಿಂಗ್', 'ಇನ್‌ಸ್ಟೆಡ್ ಆಫ್ ರಿಟರ್ನಿಂಗ್'. ಕನ್ನಡದಲ್ಲಿ ಈ ಕೆಲಸವನ್ನು 'ಪಡೆದ ನಂತರ', 'ಕಳುಹಿಸುವ ಮುನ್ನ', 'ಕೊಡದೆ' ಎಂಬ ಬೇರೆ ಬೇರೆ ರೂಪಗಳು ಮಾಡುವುದರಿಂದ ಬರೆಯುವವರಿಗೆ ಆಧಾರ ತಪ್ಪಿ 'ಬಿಫೋರ್ ಟು ಡಿಸ್ಪ್ಯಾಚ್', 'ವಿದೌಟ್ ಪೇ' ಎಂದು ಲೇಖನಿ ಜಾರುತ್ತದೆ. 'ವಿದೌಟ್ ಪೇ' ಎಂಬುದು ಇಂಗ್ಲಿಷಿನಲ್ಲಿ ಇಲ್ಲದ ಮಾತೇನಲ್ಲ. ಹಾಜರಿ ಪುಸ್ತಕ ಬರೆಯುವ ಪ್ರತಿಯೊಬ್ಬ ಗುಮಾಸ್ತನಿಗೂ ಅದು ಪರಿಚಿತ. ಆದರೆ ಅಲ್ಲಿನ 'ಪೇ' ಸಂಬಳ ಎಂಬ ನಾಮಪದ. ಹಣ ಕೊಡದೆ ಸರಕು ಒಯ್ದ ಗ್ರಾಹಕನನ್ನು ಕುರಿತು ಹಾಗೆ ಬರೆದರೆ ಅವನು ಸಂಬಳವಿಲ್ಲದೆ ದುಡಿದಂತಾದೀತು.

ಈ ನಿಯಮ ತಿಳಿದವರೂ ಎಡವುವ ಸ್ಥಳವೊಂದಿದೆ. ಇಂಗ್ಲಿಷಿನಲ್ಲಿ 'ಟು' ಎಂಬುದು ಇನ್‌ಫಿನಿಟಿವಿನ ಚಿಹ್ನೆಯೂ ಹೌದು, 'ಗೆ, ಕೆ' ಎಂಬ ಅರ್ಥದ ಪ್ರೆಪೊಸಿಷನ್ನೂ ಹೌದು. 'ಲುಕ್ ಫಾರ್‌ವರ್ಡ್ ಟು' ಎಂಬಲ್ಲಿರುವುದು ಎರಡನೆಯದು. ಆದ್ದರಿಂದ ಪತ್ರದ ಕೊನೆಯಲ್ಲಿ 'ಲುಕ್ ಫಾರ್‌ವರ್ಡ್ ಟು ರಿಸೀವಿಂಗ್ ಯುವರ್ ಆರ್ಡರ್' ಎಂದೇ ಬರೆಯಬೇಕು, 'ಟು ರಿಸೀವ್' ಎಂದಲ್ಲ. 'ಆಬ್ಜೆಕ್ಟ್ ಟು', 'ಇನ್ ಅಡಿಷನ್ ಟು', 'ವಿತ್ ಎ ವ್ಯೂ ಟು' ಇವುಗಳ ಜಾತಿಯೂ ಇದೇ. 1872ರ ಭಾರತೀಯ ಕರಾರು ಅಧಿನಿಯಮದ 2ನೇ ಪ್ರಕರಣದ (ಎ) ಖಂಡದಲ್ಲಿ ಪ್ರಸ್ತಾವ ಎಂದರೇನೆಂಬುದನ್ನು ನಿರೂಪಿಸುವ ಒಂದೇ ವಾಕ್ಯದೊಳಗೆ 'ಟು ಡೂ', 'ಟು ಅಬ್‌ಸ್ಟೇನ್ ಫ್ರಮ್ ಡೂಯಿಂಗ್', 'ವಿತ್ ಎ ವ್ಯೂ ಟು ಅಬ್‌ಟೇನಿಂಗ್' ಎಂಬ ಮೂರು ಪ್ರಯೋಗಗಳೂ ಒಟ್ಟಿಗೆ ಬರುತ್ತವೆ. ಮಾಡುವ ಸಿದ್ಧತೆ ಮುಂದಿನದಾದ್ದರಿಂದ 'ಟು ಡೂ'. 'ಫ್ರಮ್' ಪ್ರೆಪೊಸಿಷನ್ ಆದ್ದರಿಂದ 'ಡೂಯಿಂಗ್'. ಕೊನೆಯ 'ಟು' ಸಹ ಪ್ರೆಪೊಸಿಷನ್ ಆದ್ದರಿಂದ 'ಅಬ್‌ಟೇನಿಂಗ್'. ಇಷ್ಟು ಕಡಿಮೆ ಜಾಗದಲ್ಲಿ ಇಡೀ ಪಾಠವನ್ನು ಅಡಗಿಸಿಟ್ಟ ವಾಕ್ಯ ಸಿಗುವುದು ಕಷ್ಟ.

ಯಾವ 'ಟು' ಯಾವುದು ಎಂದು ತಿಳಿಯಲು ಅದರ ಮುಂದೆ ಒಂದು ನಾಮಪದವನ್ನಿಟ್ಟು ನೋಡಬಹುದು. 'ಲುಕ್ ಫಾರ್‌ವರ್ಡ್ ಟು ಯುವರ್ ರಿಪ್ಲೈ' ಸರಿಹೊಂದುತ್ತದೆ. ಆದ್ದರಿಂದ ಕ್ರಿಯೆ ಬಂದಾಗ 'ಇಂಗ್'. 'ಹೋಪ್ ಟು ಯುವರ್ ರಿಪ್ಲೈ' ಹೊಂದುವುದಿಲ್ಲ. ಆದ್ದರಿಂದ ಅಲ್ಲಿ ಧಾತು ಮಾತ್ರ. ಈ ಪರೀಕ್ಷೆಗೆ 'ಅಗ್ರೀ' ಒಂದು ಅಪವಾದ. 'ಅಗ್ರೀ ಟು ಯುವರ್ ಟರ್ಮ್ಸ್' ಎಂದೂ ಹೇಳಬಹುದು, 'ಅಗ್ರೀ ಟು ಸಪ್ಲೈ' ಎಂದೂ ಹೇಳಬಹುದು.

'ಯೂಸ್ಡ್ ಟು' ಎಂಬುದಂತೂ ಸಣ್ಣ ತಯಾರಕರಿಗೆ ನೇರವಾಗಿ ನಷ್ಟ ತರಬಲ್ಲ ಪ್ರಯೋಗ. ಬೆಳಗಾವಿಯ ಒಂದು ಫೌಂಡ್ರಿಯವರು ಹೊರದೇಶದ ಕಂಪನಿಗೆ ತಮ್ಮ ಅನುಭವವನ್ನು ತಿಳಿಸುತ್ತಿದ್ದಾರೆ ಎಂದು ಭಾವಿಸಬಹುದು. ದೊಡ್ಡ ಪಂಪ್ ತಯಾರಕರಿಗೆ ಎರಕದ ಬಿಡಿಭಾಗಗಳನ್ನು ಒದಗಿಸುವುದು ಅವರಿಗೆ ರೂಢಿಯಾಗಿದೆ. ಅದನ್ನು 'ವಿ ಆರ್ ಯೂಸ್ಡ್ ಟು ಸಪ್ಲೈಯಿಂಗ್' ಎಂದು ಬರೆದರೆ ಉದ್ದೇಶ ನೆರವೇರುತ್ತದೆ. 'ವಿ ಯೂಸ್ಡ್ ಟು ಸಪ್ಲೈ' ಎಂದು ಬರೆದರೆ, 'ಹಿಂದೆ ಒದಗಿಸುತ್ತಿದ್ದೆವು, ಈಗ ಇಲ್ಲ' ಎಂಬ ಅರ್ಥ ಬರುತ್ತದೆ. ಓದಿದ ಖರೀದಿ ಅಧಿಕಾರಿಗೆ ಹುಟ್ಟುವ ಮೊದಲ ಸಂಶಯ, ಇವರ ಹಳೆಯ ಗ್ರಾಹಕರು ಇವರನ್ನು ಏಕೆ ಬಿಟ್ಟರು ಎಂಬುದು. ಅವರು ಅದನ್ನು ಪತ್ರ ಬರೆದು ಕೇಳುವುದಿಲ್ಲ. ಸುಮ್ಮನೆ ಮುಂದಿನ ಕೊಟೇಷನ್ನನ್ನು ತೆರೆಯುತ್ತಾರೆ. ಇವೆರಡರ ತೊಡಕೇ ಬೇಡವೆನ್ನುವವರು 'ವಿ ರೆಗ್ಯುಲರ್ಲಿ ಸಪ್ಲೈ' ಎಂದು ಬರೆದು ನಿಶ್ಚಿಂತರಾಗಬಹುದು. ಅನುಮಾನವಿರುವ ರೂಪಕ್ಕಿಂತ ಸರಳವಾದ ರೂಪ ಯಾವಾಗಲೂ ಮೇಲು.

ಕನ್ನಡ ದಾರಿ ತಪ್ಪಿಸುವ ಕಡೆ

ಕನ್ನಡದಿಂದ ಇಂಗ್ಲಿಷಿಗೆ ನೇರವಾಗಿ ದಾಟಲಾಗದ ಕೆಲವು ಕ್ರಿಯಾಪದಗಳಿವೆ. ಇವುಗಳನ್ನು ಕಂಠಪಾಠ ಮಾಡುವುದಲ್ಲದೆ ಬೇರೆ ಉಪಾಯವಿಲ್ಲ.

'ಕರೆಂಟ್ ಅಕೌಂಟ್ ತೆರೆಯಲು ಬ್ಯಾಂಕಿನವರು ಸೂಚಿಸಿದರು' ಎಂಬಲ್ಲಿ '-ಅಲು' ಇದೆ. ಆದರೂ ಇಂಗ್ಲಿಷಿನಲ್ಲಿ 'ಸಜೆಸ್ಟೆಡ್ ಟು ಓಪನ್' ಸಲ್ಲದು. 'ಸಜೆಸ್ಟೆಡ್ ಅಸ್ ಟು ಓಪನ್' ಇನ್ನೂ ಸಲ್ಲದು. 'ಸಜೆಸ್ಟೆಡ್ ಓಪನಿಂಗ್' ಎನ್ನಬೇಕು. 'ಅಡ್ವೈಸ್' ಎಂಬ ಪದವನ್ನು ಬಳಸಿದರೆ 'ಅಡ್ವೈಸ್ಡ್ ಅಸ್ ಟು ಓಪನ್' ಎಂದು 'ಟು' ನಿರಾತಂಕವಾಗಿ ಬರುತ್ತದೆ. 'ದರ ಇಳಿಸಲು ಯೋಚಿಸುತ್ತಿದ್ದೇವೆ' ಎಂಬಲ್ಲಿಯೂ ಇದೇ ಕಥೆ: 'ಕನ್ಸಿಡರಿಂಗ್ ರೆಡ್ಯೂಸಿಂಗ್'. ಎರಡು 'ಇಂಗ್' ಒಂದರ ಬೆನ್ನಿಗೊಂದು ಬಂದದ್ದು ಕಿವಿಗೆ ಒರಟಾಗಿ ಕೇಳಿಸಿದರೆ 'ಎ ರಿಡಕ್ಷನ್' ಎಂಬ ನಾಮಪದವನ್ನು ತರಬಹುದು. 'ಮುಂಗಡ ಕೊಡಬೇಕೆಂದು ಒತ್ತಾಯಿಸುತ್ತೇವೆ' ಎಂಬ ಮಾತಿಗೆ 'ಇನ್‌ಸಿಸ್ಟ್ ಆನ್ ರಿಸೀವಿಂಗ್ ಆನ್ ಅಡ್ವಾನ್ಸ್' ಎಂಬುದು ಸರಿ, 'ಇನ್‌ಸಿಸ್ಟ್ ಟು' ಎಂಬುದು ತಪ್ಪು.

ಜಯಾಪಜಯಗಳ ಜೋಡಿ ಇನ್ನೂ ವಿನೋದಕರ. ಕನ್ನಡದ ಬರವಣಿಗೆಯಲ್ಲಿ 'ಆರ್ಡರ್ ಪಡೆಯುವಲ್ಲಿ ಯಶಸ್ವಿಯಾದರು', 'ಆರ್ಡರ್ ಪಡೆಯುವಲ್ಲಿ ವಿಫಲರಾದರು' ಎಂದು ಎರಡಕ್ಕೂ ಒಂದೇ ವಿಭಕ್ತಿ. ಇಂಗ್ಲಿಷಿನಲ್ಲಿ ಗೆದ್ದವರಿಗೆ 'ಸಕ್ಸೀಡೆಡ್ ಇನ್ ಗೆಟಿಂಗ್', ಸೋತವರಿಗೆ 'ಫೇಲ್ಡ್ ಟು ಗೆಟ್'. ಗೆದ್ದವರ ಕೈಯಲ್ಲಿ ಆರ್ಡರ್ ಇದೆ, ಸೋತವರಿಗೆ ಅದು ಕೊನೆಗೂ ಬರಲಿಲ್ಲ. ಹಾಗೆ ನೋಡಿದರೆ ಮೊದಲು ಹೇಳಿದ ತತ್ತ್ವಕ್ಕೆ ಇದು ವಿರುದ್ಧವೇನೂ ಅಲ್ಲ.

ಉದ್ದೇಶವನ್ನು ಹೇಳುವಾಗಲೂ ಒಂದು ಎಚ್ಚರಿಕೆ ಬೇಕು. 'ನಿಮ್ಮ ದರಪಟ್ಟಿ ತಿಳಿಯುವುದಕ್ಕಾಗಿ ಬರೆಯುತ್ತಿದ್ದೇವೆ' ಎಂಬುದನ್ನು ಪದಕ್ಕೆ ಪದವಿಟ್ಟು 'ರೈಟಿಂಗ್ ಫಾರ್ ನೋಯಿಂಗ್' ಎಂದು ಬರೆಯುವ ರೂಢಿ ಎಲ್ಲೆಡೆ ಕಾಣುತ್ತದೆ. ಮನುಷ್ಯರ ಉದ್ದೇಶಕ್ಕೆ 'ಟು' ಸಾಕು: 'ರೈಟಿಂಗ್ ಟು ಆಸ್ಕ್ ಫಾರ್ ಯುವರ್ ಪ್ರೈಸ್ ಲಿಸ್ಟ್'. ವಸ್ತುವೊಂದರ ಉಪಯೋಗವನ್ನು ಹೇಳುವಾಗ 'ಫಾರ್' ಮತ್ತು 'ಇಂಗ್' ಸೇರಿಕೊಳ್ಳುತ್ತವೆ: 'ಎ ಮೆಷಿನ್ ಫಾರ್ ಪೀಲಿಂಗ್ ಅರೆಕಾನಟ್'. ಶಿವಮೊಗ್ಗ ಸೀಮೆಯವರಿಗೆ ಇದನ್ನು ಕನ್ನಡದಲ್ಲಿಯೇ ವಿವರಿಸಬಹುದು. 'ಅಡಿಕೆ ಸುಲಿಯಲು ಬಂದವರು' ಎಂದರೆ ಆಳುಗಳು, ಅಲ್ಲಿ 'ಟು'. 'ಅಡಿಕೆ ಸುಲಿಯುವ ಯಂತ್ರ' ಎಂದರೆ ಆ ಕೆಲಸಕ್ಕೆಂದೇ ಇರುವ ವಸ್ತು, ಅಲ್ಲಿ 'ಫಾರ್ ಪೀಲಿಂಗ್'. ಕ್ಯಾಟಲಾಗ್ ಮುದ್ರಿಸುವವರು ಈ ಒಂದು ಭೇದವನ್ನು ತಿಳಿದಿದ್ದರೆ ಅರ್ಧದಷ್ಟು ತಪ್ಪುಗಳು ಅಚ್ಚಿಗೆ ಹೋಗುವ ಮುನ್ನವೇ ನಿಲ್ಲುತ್ತವೆ.

ಅಭ್ಯಾಸ

ಕಚೇರಿಯಲ್ಲಿ ಪತ್ರ ಬರೆಯುವ ಸಿಬ್ಬಂದಿಗೆ ಕೆಳಗಿನ ಐದು ವಾಕ್ಯಗಳನ್ನು ಕೊಟ್ಟು, ಉತ್ತರವನ್ನು ಮುಚ್ಚಿಟ್ಟು, ಇಂಗ್ಲಿಷಿನಲ್ಲಿ ಬರೆಯಿಸಿ ನೋಡಬಹುದು.

ಒಂದು: ಮಾದರಿ ನೋಡದೆ ಆರ್ಡರ್ ಕೊಡಲು ಅವರು ಒಪ್ಪಲಿಲ್ಲ.
ಎರಡು: ಬಾಕಿ ತೀರುವವರೆಗೆ ಸರಕು ಕಳುಹಿಸುವುದನ್ನು ನಿಲ್ಲಿಸಿದ್ದೇವೆ.
ಮೂರು: ಪತ್ರದೊಂದಿಗೆ ಬಿಲ್ ಲಗತ್ತಿಸುವುದನ್ನು ಮರೆತೆವು.
ನಾಲ್ಕು: ಬೇರೆ ಎಣ್ಣೆ ಹಾಕಿ ನೋಡಿದೆವು, ಸದ್ದು ನಿಲ್ಲಲಿಲ್ಲ.
ಐದು: ಚೆಕ್ ಪಡೆದುದನ್ನು ಅವರು ನಿರಾಕರಿಸುತ್ತಿದ್ದಾರೆ.

ಮೊದಲನೆಯದರಲ್ಲಿ ಎರಡು ನಿಯಮಗಳೂ ಸೇರಿವೆ: 'ಡಿಡ್ ನಾಟ್ ಅಗ್ರೀ ಟು ಪ್ಲೇಸ್ ದ ಆರ್ಡರ್ ವಿದೌಟ್ ಸೀಯಿಂಗ್ ಎ ಸ್ಯಾಂಪಲ್'. ಎರಡನೆಯದು 'ಹ್ಯಾವ್ ಸ್ಟಾಪ್ಡ್ ಸೆಂಡಿಂಗ್'. ಮೂರನೆಯದರಲ್ಲಿ '-ವುದನ್ನು' ಇದ್ದರೂ ಲಗತ್ತಿಸುವ ಕ್ರಿಯೆ ನಡೆದಿಲ್ಲವಾದ್ದರಿಂದ 'ಫರ್ಗಾಟ್ ಟು ಎನ್‌ಕ್ಲೋಸ್'. ನಾಲ್ಕನೆಯದು 'ಟ್ರೈಡ್ ಯೂಸ್' ಎಂದೂ ಅಲ್ಲ, 'ಟ್ರೈಡ್ ಟು ಯೂಸ್' ಎಂದೂ ಅಲ್ಲ, 'ಟ್ರೈಡ್ ಯೂಸಿಂಗ್ ಎ ಡಿಫರೆಂಟ್ ಆಯಿಲ್'. ಐದನೆಯದು 'ಆರ್ ಡಿನೈಯಿಂಗ್ ರಿಸೀವಿಂಗ್', ಅಥವಾ ಕಾಲವನ್ನು ಇನ್ನಷ್ಟು ಖಚಿತಪಡಿಸಬೇಕೆಂದರೆ 'ಡಿನೈ ಹ್ಯಾವಿಂಗ್ ರಿಸೀವ್ಡ್'. ಚೆಕ್ಕಿನಂಥ ವಿಷಯದಲ್ಲಿ ಈ ಎರಡನೆಯ ರೂಪವೇ ಲೇಸು.